ಬೆಳಕಿಗೆ ನಿಲ್ಲಿಸಿ ನೋಡುವ ಕೆಲಸ

ಹೊಸದಾಗಿ ಆರೋಗ್ಯ ಇಲಾಖೆಗೆ ಸೇರಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ಚಹಾ ಮುಗಿಯುವುದರೊಳಗೆ ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಬಡ್ತಿ ಬೇಗ ಸಿಗುವುದು ಹೇಗೆ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ. ಬಡ್ತಿ ನನಗೆ ಸಿಕ್ಕಿದ್ದು ತಡವಾಗಿ. ವರ್ಗಾವಣೆಯೋ, ಕುಮಟಾದಿಂದ ಹೊನ್ನಾವರಕ್ಕೆ, ಹೊನ್ನಾವರದಿಂದ ಭಟ್ಕಳಕ್ಕೆ, ಭಟ್ಕಳದಿಂದ ಮತ್ತೆ ಕುಮಟಾಕ್ಕೆ. ಆ ದಾರಿಯ ಬಸ್ಸಿನ ಕಂಡಕ್ಟರನಿಗೂ ನನಗೂ ದೊಡ್ಡ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಆ ಎರಡು ವಿಷಯ ಬಿಟ್ಟು ಕೆಲಸ ನಿಜಕ್ಕೂ ಹೇಗಿತ್ತೆಂಬುದನ್ನು ಬರೆಯುತ್ತೇನೆ. ಓದಿದವರಿಗೆ ಉಪಯೋಗವಾಗುತ್ತದೆಂಬ ಭರವಸೆ ಕೊಡಲಾರೆ.

ನಾನು ಕುಷ್ಠರೋಗ ವಿಭಾಗದಲ್ಲಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ ಸೇರಿದಾಗ ಕೈಗೆ ಒಂದು ಸೈಕಲ್ಲು, ಹೆಗಲಿಗೆ ಒಂದು ಚೀಲ ಕೊಟ್ಟರು. ಚೀಲದಲ್ಲಿ ಡ್ಯಾಪ್ಸೋನ್ ಮಾತ್ರೆಗಳ ಡಬ್ಬ ಮತ್ತು ಒಂದು ಕೋಳಿಗರಿ. ಮನೆಮನೆಗೆ ಹೋಗಬೇಕು, ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನೋಡಬೇಕು, ಮೈಮೇಲೆ ಬಣ್ಣಗೆಟ್ಟ ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ ಗರಿಯಿಂದ ಮುಟ್ಟಬೇಕು. ಎಲ್ಲಿ ಮುಟ್ಟಿದೆ ಎಂದು ಬೆರಳಿಟ್ಟು ತೋರಿಸಿದರೆ ಸರಿ. ತೋರಿಸದಿದ್ದರೆ ಅಲ್ಲಿ ಸ್ಪರ್ಶಜ್ಞಾನ ಹೋಗಿದೆ, ರೋಗವಿರಬಹುದು ಎಂದು ಅರ್ಥ. ಜನ ನನಗೆ ‘ಮಚ್ಚೆ ಮಾಸ್ತರು’ ಎಂದು ಹೆಸರಿಟ್ಟರು. ಎದುರಿಗೆ ಮಾತ್ರ ಮಾಸ್ತರು.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ, ಬೆಳಕಿಗೆ ನಿಲ್ಲಿಸಿ ನೋಡು ಎಂಬುದು. ನಮ್ಮ ಕಡೆಯ ಮನೆಗಳ ಒಳಗೆ ಹಗಲಲ್ಲೂ ಕತ್ತಲೆ. ಚಿಮಣಿ ದೀಪದಲ್ಲಿ ನೋಡಿದರೆ ಊರಲ್ಲಿ ಎಲ್ಲರೂ ಆರೋಗ್ಯವಂತರೇ. ಅಂಗಳಕ್ಕೆ ಕರೆದು, ಬಿಸಿಲು ಮೈಮೇಲೆ ಓರೆಯಾಗಿ ಬೀಳುವ ಹಾಗೆ ನಿಲ್ಲಿಸಿದರೆ ಸಣ್ಣ ಮಚ್ಚೆಯೂ ಎದ್ದು ಕಾಣುತ್ತದೆ. ಹೆಂಗಸರನ್ನು ಹಾಗೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ. ಭಟ್ಕಳದಲ್ಲಂತೂ ಜೊತೆಗೆ ನರ್ಸ್ ಬಾರದಿದ್ದರೆ ನನ್ನ ಕೆಲಸ ಹೊರಬಾಗಿಲಿನ ಹೊಸ್ತಿಲಲ್ಲೇ ಮುಗಿಯುತ್ತಿತ್ತು.

ಬೆಳಕಿದ್ದರೂ ಬುದ್ಧಿ ಇರಬೇಕೆನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಮಿರ್ಜಾನದಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿನ ಹತ್ತಿರ, ಆಗಷ್ಟೇ ಸೇರಿದ್ದ ನನ್ನ ಸಹೋದ್ಯೋಗಿಯೊಬ್ಬ ಒಬ್ಬ ಕೆಲಸಗಾರನ ಮೊಣಕೈವರೆಗೆ ಬಿಳಿ ಮಚ್ಚೆಗಳನ್ನು ಕಂಡುಹಿಡಿದ. ಗರಿ ಮುಟ್ಟಿಸಿದ, ಅವನಿಗೆ ಗೊತ್ತಾಗಲಿಲ್ಲ. ಸಹೋದ್ಯೋಗಿ ಗಂಭೀರನಾಗಿ, ಹೆದರಬೇಡ, ಇದಕ್ಕೆ ಮದ್ದಿದೆ ಎಂದು ಕಲಿತ ಭಾಷಣವನ್ನೆಲ್ಲ ಮಾಡಿದ. ಆ ಸುಣ್ಣದ ಕೆಲಸದವನು ಕೊನೆತನಕ ಕೇಳಿ, ಹೊಳೆಗಿಳಿದು ಕೈ ತೊಳೆದು ಬಂದ. ಮಚ್ಚೆ ಇರಲಿಲ್ಲ. ಸುಣ್ಣ ತಿಂದು ದಪ್ಪಗಾದ ಆ ಚರ್ಮಕ್ಕೆ ಗರಿ ತಾಗಿದ್ದಾದರೂ ಹೇಗೆ ಗೊತ್ತಾಗಬೇಕು? ಆ ಸಹೋದ್ಯೋಗಿ ಮುಂದೆ ಒಳ್ಳೆಯ ಕೆಲಸಗಾರನಾದ, ಆದರೆ ಮಿರ್ಜಾನಕ್ಕೆ ಮಾತ್ರ ಹೋಗುತ್ತಿರಲಿಲ್ಲ.

ಮೇಲಧಿಕಾರಿಗಳ ಬಗ್ಗೆ ಬರೆಯುವಾಗ ಎಲ್ಲರೂ ಜಾಣರಾಗುತ್ತಾರೆ. ನನಗೆ ನೆನಪಿರುವುದು ಒಬ್ಬರೇ, ಡಾ. ಕಾಮತ್. ದಪ್ಪ ಮೈ, ಬಾಯಲ್ಲಿ ಸದಾ ಹೊಗೆಸೊಪ್ಪು ಹಾಕಿದ ಎಲೆಯಡಿಕೆಯ ಕವಳ, ಜೀಪು ಹತ್ತುವುದೆಂದರೆ ಆಗದು. ಆದರೆ ಅವರಲ್ಲಿ ಒಂದು ಗುಣವಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದರು. ನನ್ನ ಸೇವಾವಧಿಯಲ್ಲಿ ಆ ಮಾತನ್ನು ರೋಗಿಯ ಎದುರಿಗೆ ಹೇಳಿದ ಬೇರೆ ಡಾಕ್ಟರನ್ನು ನಾನು ಕಂಡಿಲ್ಲ. ಆ ಗುಣದಿಂದಲೇ ದೇವಕಿ ಎಂಬ ಹುಡುಗಿಯ ರೋಗ ಏನೆಂದು ತಿಳಿಯಿತು. ಇನ್ನು ಮುಂದೆ ಬರೆಯುವುದು ಅವಳ ಬಗ್ಗೆಯೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಧಾರೇಶ್ವರದ ಕಡಲಂಚಿನ ಕೇರಿಯಲ್ಲಿ ಸರ್ವೆ ಮಾಡುತ್ತಿದ್ದೆ. ಜಟ್ಟಪ್ಪನ ಮನೆಗೆ ಹೋದೆ. ಪಾತಿ ಎಂಬ ಸಣ್ಣ ದೋಣಿಯಲ್ಲಿ ಮೀನಿಗೆ ಹೋಗುವವನು. ಹೆಂಡತಿ ಮಾದೇವಿ ಕಡಲದಂಡೆಯಲ್ಲಿ ಮೀನು ಒಣಗಿಸುವವಳು. ಮಾದೇವಿ ಅವನ ಸ್ವಂತ ಅಕ್ಕನ ಮಗಳು. ಸೋದರಮಾವನಿಗೇ ಕೊಡುವುದು ಆ ಮನೆತನದಲ್ಲಿ ಮೊದಲಿನಿಂದ ಬಂದ ಪದ್ಧತಿ. ಮನೆಯಲ್ಲಿದ್ದ ಅಜ್ಜಿ ಅವನಿಗೆ ತಾಯಿ, ಅವಳಿಗೆ ಅಜ್ಜಿ. ಮನೆಯ ಯಜಮಾನಿಕೆಯೂ ಅವಳದೇ. ಅಜ್ಜಿ ಎಲ್ಲರನ್ನೂ ಅಂಗಳಕ್ಕೆ ಕಳಿಸಿದಳು, ಒಂದು ಮಗುವನ್ನು ಬಿಟ್ಟು. ಅದನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡು, ನೋಡುವುದಾದರೆ ಒಳಗೇ ನೋಡಿ ಎಂದಳು. ಮಗುವಿಗೆ ದೊಡ್ಡ ರೋಗ ಬಂದಿದೆಯೆಂದು ಕೇರಿಯವರು ಆಡಿಕೊಳ್ಳಲು ಶುರುಮಾಡಿದ್ದರಂತೆ. ಕುಷ್ಠಕ್ಕೆ ನಮ್ಮಲ್ಲಿ ದೊಡ್ಡ ರೋಗವೆಂದೇ ಹೆಸರು.

ಬೆಳಕಿಗೆ ತರಬೇಕು ಎಂದು ನಾನು ಹಟ ಹಿಡಿದೆ. ತಂದರು. ಐದಾರು ವರ್ಷದ ಹುಡುಗಿ, ಹೆಸರು ದೇವಕಿ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚಿದಳು. ಮುಚ್ಚಿದ ಕಣ್ಣಿನಿಂದ ನೀರು ಸುರಿಯಿತು. ಮುಖ, ಕುತ್ತಿಗೆ, ಕೈಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು, ನಡುನಡುವೆ ಬಿಳಿಚುಕ್ಕೆಗಳು. ಚರ್ಮ ಒಣಗಿ ಮುದುಕಿಯ ಕೈಯಂತಾಗಿತ್ತು. ಅಂಗಿ ಎತ್ತಿಸಿ ನೋಡಿದರೆ ಹೊಟ್ಟೆ ಬೆನ್ನಿನ ಚರ್ಮ ಯಾವ ಮಗುವಿನದ್ದೂ ಇರುವ ಹಾಗೆ ನುಣ್ಣಗೆ. ಇದು ನನಗೆ ವಿಚಿತ್ರವೆನಿಸಿತು. ಗರಿಯಿಂದ ಮುಟ್ಟಿದೆ. ಒಂದೂ ತಪ್ಪದೆ ಬೆರಳಿಟ್ಟು ತೋರಿಸಿದಳು. ಎಲ್ಲ ಮಕ್ಕಳೂ ನಡುವೆ ಕಣ್ಣು ತೆರೆದು ಕದ್ದು ನೋಡುತ್ತಾರೆ, ಇವಳು ನೋಡಲಿಲ್ಲ. ಇದು ಕುಷ್ಠವಲ್ಲ ಎಂದು ಹೇಳಿದೆ.

ಅಜ್ಜಿ ಅಳತೊಡಗಿದಳು. ಆಮೇಲೆ ಒಳಗಿನಿಂದ ಬೆಲ್ಲ, ತೆಂಗಿನಕಾಯಿ ಚೂರು ತಂದು ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಹಂಚಿದಳು. ಆಡಿಕೊಂಡವರ ಕೈಗೆ ಸ್ವಲ್ಪ ಹೆಚ್ಚೇ ಹಾಕಿದಳು. ಜಟ್ಟಪ್ಪ ಕಡಲಿನಿಂದ ಬಂದವನು ನನಗೆ ಎಲೆಯಲ್ಲಿ ಕಟ್ಟಿ ಮೀನು ಕೊಟ್ಟ. ಡಾಕ್ಟರಿಗೆ ತೋರಿಸಬೇಕು, ಇದು ಬೇರೆ ಏನೋ ಇದೆ ಎಂದು ನಾನು ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಮುಖ್ಯವಾಗಲಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು. ಜನರಿಗೆ ಚರ್ಮದ ವಿಷಯದಲ್ಲಿ ಇರುವ ಹೆದರಿಕೆ ಒಂದೇ. ಅದಲ್ಲ ಎಂದರೆ ಏನೂ ಅಲ್ಲ ಎಂದೇ ಅವರು ತಿಳಿಯುತ್ತಾರೆ.

ಕೆಲವು ತಿಂಗಳ ನಂತರ ಒಂದು ಭಾನುವಾರ ಸ್ವಂತ ಕೆಲಸಕ್ಕೆಂದು ಧಾರೇಶ್ವರಕ್ಕೆ ಹೋದವನು ಆ ಕೇರಿಯ ಮೇಲೆ ಹಾದುಬಂದೆ. ಜಟ್ಟಪ್ಪನ ಅಂಗಳದಲ್ಲಿ ದೇವಕಿ ಒದ್ದೆ ಬಟ್ಟೆಯಲ್ಲಿ ಪೂರ್ವಕ್ಕೆ ಮುಖಮಾಡಿ ಕೈಮುಗಿದು ನಿಂತಿದ್ದಳು. ಹೊತ್ತು ಏರಿತ್ತು. ಕಣ್ಣು ಮುಚ್ಚಿತ್ತು, ತುಟಿ ಒಡೆದಿತ್ತು. ಅಜ್ಜಿ ಹೆಮ್ಮೆಯಿಂದ ವಿವರಿಸಿದಳು. ದೊಡ್ಡದು ಅಲ್ಲವೆಂದು ಗೊತ್ತಾಯಿತಲ್ಲ, ಉಳಿದ ಚುಕ್ಕೆ ಹೋಗಲೆಂದು ಸೂರ್ಯದೇವರಿಗೆ ಹರಕೆ ಹೊತ್ತಿದ್ದಾರೆ. ಪ್ರತಿ ಭಾನುವಾರ ಮಗು ಉದಯದಿಂದ ಸೂರ್ಯ ನೆತ್ತಿಗೆ ಬರುವ ತನಕ ಬಿಸಿಲಿನಲ್ಲಿ ನಿಲ್ಲಬೇಕು. ಚರ್ಮದ ರೋಗಕ್ಕೆ ಸೂರ್ಯನ ಮೊರೆಹೋಗುವುದು ನಮ್ಮ ಕರಾವಳಿಯಲ್ಲಿ ಹೊಸದೇನಲ್ಲ. ಚಿಕ್ಕವನಿದ್ದಾಗ ಗಜಕರ್ಣಕ್ಕೆಂದು ನನ್ನನ್ನೂ ನಿಲ್ಲಿಸಿದ್ದರು. ಆದರೆ ಹುಡುಗಿಯ ಮೂಗಿನ ತುದಿಯಲ್ಲಿ ಒಂದು ಸಣ್ಣ ಗಂಟು ಎದ್ದು ಹುಣ್ಣಾಗಿತ್ತು. ಮೊದಲು ನೋಡಿದಾಗ ಅದು ಇರಲಿಲ್ಲ.

ಮರುದಿನ ಅವರನ್ನು ಡಾ. ಕಾಮತರ ಹತ್ತಿರ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಕವಳ ಉಗಿದು ಬಂದು ಮತ್ತೆ ನೋಡಿದರು. ನನಗೆ ಗೊತ್ತಿಲ್ಲ, ಗೊತ್ತಿರುವವರ ಹತ್ತಿರ ಹೋಗೋಣ ಎಂದರು. ಜೀಪು ಹತ್ತಲು ಒಲ್ಲದ ಮನುಷ್ಯ ಆ ವಾರವೇ ನಮ್ಮನ್ನೆಲ್ಲ ತುಂಬಿಕೊಂಡು ದಕ್ಷಿಣದ ಒಂದು ದೊಡ್ಡ ಮೆಡಿಕಲ್ ಕಾಲೇಜಿಗೆ ಹೊರಟರು. ದಾರಿಯುದ್ದಕ್ಕೂ ಮಗುವಿನ ಮುಖದ ಮೇಲೆ ಮಾದೇವಿಯ ಸೆರಗು ಇತ್ತು.

ಅಲ್ಲಿ ಚರ್ಮ ವಿಭಾಗದಲ್ಲಿ ಡಾ. ವಸುಧಾ ಎಂಬವರಿದ್ದರು. ಮೈಸೂರಿನ ಕಡೆಯವರು, ನನಗಿಂತ ಚಿಕ್ಕವರು. ಹುಡುಗಿಯನ್ನು ನೋಡಿ ಅವರು ಮೊದಲು ಮಾಡಿದ ಕೆಲಸ, ಎದ್ದು ಕಿಟಕಿಯ ಪರದೆ ಎಳೆದದ್ದು. ಆಮೇಲೆ ಗಂಡಹೆಂಡತಿಗೆ ಸಂಬಂಧವೇನಾದರೂ ಇದೆಯೇ ಎಂದು ಕೇಳಿದರು. ಮಗುವಾಗಿದ್ದಾಗ ಬಿಸಿಲಿಗೆ ಹಾಕಿದ್ದೀರಾ ಎಂದು ಕೇಳಿದರು. ಎಣ್ಣೆ ಹಚ್ಚಿ ಮೀಯಿಸಿದ ಎಳೆಮಗುವನ್ನು ಬೆಳಗಿನ ಬಿಸಿಲಿಗೆ ಮಲಗಿಸದ ಮನೆ ನಮ್ಮಲ್ಲಿ ಇಲ್ಲ. ಹೌದು, ಮೊದಲ ಸಲ ಮಲಗಿಸಿದ ಎರಡು ದಿನಕ್ಕೆ ಮೈ ಕೆಂಪಾಗಿ ಬೊಬ್ಬೆ ಬಂದಿತ್ತು, ದೃಷ್ಟಿಯಾಗಿದೆಯೆಂದು ನಿವಾಳಿಸಿದೆವು ಎಂದಳು ಮಾದೇವಿ.

ಡಾ. ವಸುಧಾ ಆಮೇಲೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಜೋಡಿ ಎಳೆ ಇದೆ. ಕೋಶ ಏನು ಮಾಡಬೇಕು, ಯಾವಾಗ ಒಂದು ಎರಡಾಗಬೇಕು, ಯಾವಾಗ ಸಾಕು ಎಂದು ನಿಲ್ಲಬೇಕು ಎಂಬುದೆಲ್ಲ ಅದರಲ್ಲಿ ಬರೆದಿದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತದೆ. ಅದು ಚರ್ಮಕ್ಕೆ ಬಿದ್ದಾಗ ಆ ಎಳೆಯ ಅಕ್ಷರಗಳು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಅಂಟಿಕೊಂಡು ಓದಲು ಬಾರದಂತಾಗುತ್ತವೆ. ಇದು ನಿಮಗೂ ಆಗುತ್ತದೆ, ನನಗೂ ಆಗುತ್ತದೆ, ದಿನವೂ ಆಗುತ್ತದೆ. ಆದರೆ ಕೋಶದೊಳಗೆ ದುರಸ್ತಿಗೆಂದೇ ಇರುವ ಪ್ರೋಟೀನುಗಳಿವೆ. ಕೆಲವು ಕೆಟ್ಟ ಜಾಗವನ್ನು ಹುಡುಕುತ್ತವೆ, ಕೆಲವು ಆಚೆ ಈಚೆ ಕತ್ತರಿಸಿ ಆ ತುಂಡನ್ನು ತೆಗೆದು ಹಾಕುತ್ತವೆ, ಇನ್ನು ಕೆಲವು ಎದುರಿನ ಎಳೆಯನ್ನು ನೋಡಿಕೊಂಡು ಅಳತೆಗೆ ಸರಿಯಾಗಿ ಹೊಸ ತುಂಡು ಕೂಡಿಸಿ ಬೆಸೆಯುತ್ತವೆ. ನಮಗೆ ಇದರ ಸುದ್ದಿಯೇ ಇರುವುದಿಲ್ಲ. ದೇವಕಿಯ ಮೈಯಲ್ಲಿ ಈ ದುರಸ್ತಿ ನಡೆಯುವುದಿಲ್ಲ.

ಜಟ್ಟಪ್ಪ ಕೇಳುತ್ತಲೇ ಇದ್ದ, ಆದರೆ ಅವನ ಮುಖದಲ್ಲಿ ಏನೂ ಕಾಣಲಿಲ್ಲ. ನಮ್ಮ ಕೆಲಸದಲ್ಲಿ ಅರ್ಧ ಪಾಲು ದುಭಾಷಿಯದು, ಕನ್ನಡದಿಂದ ಕನ್ನಡಕ್ಕೇ. ನಾನು ಅವನಿಗೆ ಬಲೆಯ ಮಾತಿನಲ್ಲಿ ಹೇಳಿದೆ. ದಿನಾ ಕಡಲಿಗೆ ಹೋದ ಬಲೆ ದಿನಾ ಅಷ್ಟಿಷ್ಟು ಹರಿಯುತ್ತದೆ. ದಂಡೆಗೆ ಬಂದ ಮೇಲೆ ಹರಿದ ಕಣ್ಣನ್ನು ಕತ್ತರಿಸಿ ತೆಗೆದು, ಪಕ್ಕದ ಕಣ್ಣಿನ ಅಳತೆ ಹಿಡಿದು ಹೊಸದಾಗಿ ಕಟ್ಟುತ್ತೀರಿ. ಎಲ್ಲರ ಮೈಯಲ್ಲೂ ಆ ಕೆಲಸ ನಡೆಯುತ್ತದೆ, ಇವಳ ಮೈಯಲ್ಲಿ ಕಟ್ಟುವವರಿಲ್ಲ. ಹರಿದದ್ದು ಹರಿದೇ ಇರುತ್ತದೆ.

ಅವನು ಡಾಕ್ಟರ ಕಡೆ ತಿರುಗಿ ಹೇಳಿದ, “ಕಟ್ಟು ಜನ ಇಲ್ದೇ ಇದ್ರೆ ಬಂಡೆ ಇದ್ದಲ್ಲಿ ಬಲೆ ಬಿಡೂಕಾಗ. ಅಷ್ಟೇ ಅಲ್ದಾ?”

ಅಷ್ಟೇ ಎಂದರು ಡಾ. ವಸುಧಾ. ಬಿಸಿಲೇ ಅವಳಿಗೆ ಬಂಡೆ. ಮೂಗಿನ ಮೇಲಿನದು ಕ್ಯಾನ್ಸರ್, ಈಗ ಸಣ್ಣದು, ತೆಗೆಯುತ್ತೇವೆ. ದುರಸ್ತಿಯಾಗದ ತಪ್ಪುಗಳನ್ನು ಇಟ್ಟುಕೊಂಡೇ ಕೋಶ ಎರಡಾಗುತ್ತದೆ, ತಪ್ಪೂ ಜೊತೆಗೆ ನಕಲಾಗುತ್ತದೆ. ಸಾಕು ನಿಲ್ಲು ಎಂದು ಬರೆದಿರುವ ಜಾಗದಲ್ಲೇ ತಪ್ಪಾದರೆ ಆ ಕೋಶ ಮತ್ತೆ ನಿಲ್ಲುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಇನ್ನು ಮುಂದೆ ಬಿಸಿಲು ತಾಗದಿದ್ದರೆ ಹೊಸ ಗಂಟು ಏಳುವುದು ಕಡಿಮೆಯಾಗುತ್ತದೆ. ತಾಗಿದರೆ ಒಂದರ ಮೇಲೊಂದು ಬರುತ್ತವೆ, ಒಂದಲ್ಲ ಒಂದು ಕೈಮೀರುತ್ತದೆ. ಮದ್ದು ಇಲ್ಲ. ಆ ಎಳೆಯಲ್ಲಿ ಬರೆದ ದುರಸ್ತಿಯ ಪಾಠಕ್ಕೆ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ನಿಮ್ಮಿಬ್ಬರಲ್ಲೂ ಒಂದೊಂದು ಪ್ರತಿ ಕೆಟ್ಟಿದೆ. ಒಂದೇ ಮನೆತನದವರಾದ್ದರಿಂದ ಇಬ್ಬರಿಗೂ ಅದೇ ಬಂದಿದೆ. ಒಂದು ಸರಿಯಿದ್ದರೆ ಸಾಕು, ಅದಕ್ಕೇ ನಿಮಗೇನೂ ಆಗಿಲ್ಲ. ಇವಳಿಗೆ ಕೆಟ್ಟವೆರಡೂ ಸೇರಿವೆ. ಮುಂದೆ ಹುಟ್ಟುವ ಒಂದೊಂದು ಮಗುವಿಗೂ ಹಾಗಾಗುವ ಸಂಭವ ನಾಲ್ಕರಲ್ಲಿ ಒಂದು.

ಹೊರಗೆ ಬಂದಾಗ ಡಾ. ಕಾಮತರು ಒಂದು ಪ್ರಶ್ನೆ ಕೇಳಿದರು. ಹಾಗಾದರೆ ನಮಗೆಲ್ಲ ಕ್ಯಾನ್ಸರ್ ಬರುವುದೂ ಹೀಗೆಯೇ ಏನು? ಬಹಳ ಮಟ್ಟಿಗೆ ಹೀಗೆಯೇ, ಇವಳಿಗೆ ಬೇಗ, ನಮಗೆ ನಿಧಾನ ಎಂದರು ಡಾ. ವಸುಧಾ. ದುರಸ್ತಿಯವರು ಇದ್ದರೂ ಅವರಿಗೊಂದು ಮಿತಿ ಇದೆ. ಹರಿಯುವುದು ಹೆಚ್ಚಾದರೆ ಕೆಲವು ಉಳಿದುಬಿಡುತ್ತವೆ, ವಯಸ್ಸಾದಷ್ಟೂ ಉಳಿದದ್ದು ಕೂಡುತ್ತ ಹೋಗುತ್ತದೆ. ಹೊಗೆಸೊಪ್ಪೂ ಎಳೆ ಹರಿಯುವ ಸಾಮಾನೇ ಎಂದು ಅವರ ಕೆನ್ನೆಯ ಕಡೆ ನೋಡಿದರು. ಡಾ. ಕಾಮತರು ಕೈಯಲ್ಲಿದ್ದ ಕವಳದ ಚೀಲವನ್ನು ಕಿಸೆಗೆ ಹಾಕಿದರು. ಹಿಂದಿರುಗುವಾಗ ಭಟ್ಕಳ ದಾಟುವ ತನಕ ಅದು ಕಿಸೆಯಲ್ಲೇ ಇತ್ತು, ಅಲ್ಲಿಂದ ಮುಂದೆ ಮತ್ತೆ ಕೈಗೆ ಬಂತು.

ಮೂಗಿನ ಗಂಟು ತೆಗೆಸಿಕೊಂಡು ದೇವಕಿಯ ಮನೆಯವರು ಊರಿಗೆ ಹೊರಟ ದಿನ ಕರೆತರಲು ನಾನು ಮತ್ತೆ ಅಲ್ಲಿಗೆ ಹೋಗಿದ್ದೆ. ಬಸ್ಸಿನಲ್ಲಿ ಮಾದೇವಿ ನನ್ನ ಹಿಂದಿನ ಸೀಟಿನಲ್ಲಿದ್ದಳು. ಅರ್ಧ ದಾರಿ ಕಳೆಯಿತು. ಆಮೇಲೆ ಮುಂದಕ್ಕೆ ಬಾಗಿ ಕೇಳಿದಳು, “ದೊಡ್ಡ ರೋಗನೇ ಆಗಿದ್ರೆ ನೀವು ಗುಳಿಗೆ ಕೊಡ್ತಿದ್ರಿ ಅಲ್ದಾ ಮಾಸ್ತರೇ?”

ಹೌದು ಎಂದೆ. ಕುಷ್ಠಕ್ಕೆ ಹೆದರಬೇಡಿ ಎಂದು ಅಷ್ಟು ವರ್ಷ ಮನೆಮನೆಗೆ ಹೇಳುತ್ತ ತಿರುಗಿದ್ದೆ. ಅದನ್ನೇ ಬೇಡುವವಳೊಬ್ಬಳು ಸಿಗುತ್ತಾಳೆಂದು ಅಂದುಕೊಂಡಿರಲಿಲ್ಲ. ನನಗೆ ಅವತ್ತು ತುಂಬ ದುಃಖವಾಯಿತು. ಈ ಕೆಲಸದಲ್ಲಿ ದುಃಖಪಡಬಾರದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮರುದಿನ ಕೆಲಸಕ್ಕೆ ಹೋದರೆ ಸಾಕು.

ಊರಿಗೆ ಬಂದ ಮೇಲೆ ಹರಕೆಯ ಪ್ರಶ್ನೆ ಎದ್ದಿತು. ಡಾಕ್ಟರು ಬಿಸಿಲು ಕೂಡದು ಎಂದರು ಸರಿ, ದೇವರಿಗೆ ಕೊಟ್ಟ ಮಾತೇನಾಗಬೇಕು ಎಂದು ಅಜ್ಜಿ ಪಟ್ಟು ಹಿಡಿದು ಕೂತಳು. ಹರಕೆ ಮುರಿದರೆ ಇದಕ್ಕಿಂತ ಕೆಟ್ಟದಾಗುತ್ತದೆ ಎಂಬುದು ಅವಳ ಹೆದರಿಕೆ. ಆ ಹೆದರಿಕೆಯನ್ನು ತಮಾಷೆ ಮಾಡುವಷ್ಟು ಧೈರ್ಯ ನನಗೂ ಇರಲಿಲ್ಲ. ಜಟ್ಟಪ್ಪ ಯಾರನ್ನೂ ಕೇಳಲಿಲ್ಲ. ಮುಂದಿನ ಭಾನುವಾರ ತಾನೇ ಮಿಂದು ಒದ್ದೆ ಪಂಚೆಯಲ್ಲಿ ಮಗಳ ಜಾಗದಲ್ಲಿ ನಿಂತ. ಅವಳ ಮೈ ಬೇರೆಯಲ್ಲ, ನನ್ನ ಮೈ ಬೇರೆಯಲ್ಲ, ದೇವರಿಗೆ ಅದು ಗೊತ್ತಿರುತ್ತದೆ ಎಂದನಂತೆ. ಅಜ್ಜಿ ಒಪ್ಪಿದಳು. ಭಾನುವಾರದ ಹೊತ್ತು ಅವನು ಕಡಲಿಗೆ ಹೋಗುವುದನ್ನು ಬಿಟ್ಟ.

ಮನೆಯ ಬಾಗಿಲು ಕಿಟಕಿಗಳಿಗೆ ಗೋಣಿಚೀಲ ಬಂತು. ಹೊರಗೆ ಹೋಗುವುದಿದ್ದರೆ ಸೂರ್ಯ ಮುಳುಗಿದ ಮೇಲೆ. ಕಪ್ಪು ಕನ್ನಡಕ ಬೇಕು, ಬಿಸಿಲು ತಡೆಯುವ ಮುಲಾಮು ಬೇಕು ಎಂದು ಡಾ. ವಸುಧಾ ಹೇಳಿದ್ದರು, ಆ ಕಾಲದಲ್ಲಿ ಕುಮಟಾದ ಅಂಗಡಿಗಳಲ್ಲಿ ಅದೆಲ್ಲ ಎಲ್ಲಿಯದು? ಭಟ್ಕಳದಲ್ಲಿ ನನ್ನ ಒಬ್ಬ ರೋಗಿ ಇದ್ದರು. ಒಳ್ಳೆಯ ಮನೆತನದ ಹೆಂಗಸು, ಗಂಡ ದುಬೈಯಲ್ಲಿ. ಅವರಿಗೆ ಕುಷ್ಠವಿದ್ದದ್ದು ನನಗೆ, ನರ್ಸಿಗೆ ಮತ್ತು ಅವರ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರ ಹೆಸರನ್ನು ಈಗಲೂ ಹೇಳುವುದಿಲ್ಲ. ಮಾತ್ರೆ ಕೊಡುವಾಗ ಈ ಹುಡುಗಿಯ ವಿಷಯ ಹೇಳಿದೆ. ಮುಂದಿನ ಸಲ ಗಂಡ ಬಂದಾಗ ಮಕ್ಕಳ ಅಳತೆಯ ಎರಡು ಕಪ್ಪು ಕನ್ನಡಕ, ಪೆಟ್ಟಿಗೆ ತುಂಬ ಮುಲಾಮಿನ ಟ್ಯೂಬು ಬಂದವು. ಆಮೇಲೆ ಪ್ರತಿ ಸಲವೂ ಬಂದವು. ಯಾರ ಮಗು ಎಂದು ಅವರು ಕೇಳಲಿಲ್ಲ, ಯಾರು ಕೊಟ್ಟದ್ದೆಂದು ನಾನು ಧಾರೇಶ್ವರದಲ್ಲಿ ಹೇಳಲಿಲ್ಲ.

ಶಾಲೆಗೆ ಹೋಗುವುದು ಆಗಲಿಲ್ಲ. ಊರಿನ ಶಾಲೆಯಲ್ಲಿ ಕಲಿಸುವ ಅಕ್ಕೋರು ಸಂಜೆ ಬಂದು ಓದು ಬರಹ ಕಲಿಸಿದರು. ದೇವಕಿ ಮನೆಯೊಳಗೆ ಕೂತು ಬಲೆ ಕಟ್ಟುವುದನ್ನು ಕಲಿತಳು. ಇದರಲ್ಲಿ ಯಾರೂ ಅರ್ಥ ಹುಡುಕಬೇಡಿ. ಮೀನುಗಾರರ ಮನೆಯಲ್ಲಿ ನೆರಳಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಮಾತು ಮಾತ್ರ ಚೂಪು. ನಾನು ಹೋದಾಗಲೆಲ್ಲ, ಮಾಸ್ತರ ತಲೆಕೂದಲೂ ಬಿಸಿಲಿಗೆ ಹೋಗಿದ್ದಾ ಎಂದು ಕೇಳುವಳು.

ಎಂಬತ್ತರ ದಶಕದಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಯಿತು. ಒಂದೇ ಮಾತ್ರೆಯನ್ನು ವರ್ಷಗಟ್ಟಲೆ, ಕೆಲವರಿಗೆ ಜೀವಮಾನವಿಡೀ ಕೊಡುತ್ತಿದ್ದ ಕಾಲ ಹೋಗಿ ಎರಡು ಮೂರು ಮದ್ದುಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಂತು. ತಿಂಗಳಿಗೊಮ್ಮೆ ನಮ್ಮ ಎದುರಿಗೇ ನುಂಗಬೇಕು. ಸ್ವಲ್ಪ ಕಾಲದಲ್ಲೇ ಜನ ಗುಣವಾಗಿ ಹೋಗತೊಡಗಿದರು. ಭಟ್ಕಳದ ಆ ತಾಯಿಯೂ ಗುಣವಾದರು. ಮುಲಾಮು ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಾನು ಸೇರಿದಾಗ ಯಾರೂ ಹತ್ತಿರ ಬಾರದ ರೋಗ ಹೀಗೆ ಕೈಗೆ ಸಿಕ್ಕಿತು. ದೇವಕಿಯದು ಸಿಗಲಿಲ್ಲ. ಅವಳು ಎಷ್ಟು ಬದುಕಿದಳೆಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಗಂಟುಗಳು ಎದ್ದವು, ತೆಗೆಸಿದರು, ಮತ್ತೆ ಎದ್ದವು. ಹಗಲೆಲ್ಲ ಕತ್ತಲಲ್ಲಿ ಇಟ್ಟರೂ ಮೊದಲ ಐದಾರು ವರ್ಷದ ಬಿಸಿಲು ಅವಳ ಮೈಯಲ್ಲಿ ಇದ್ದೇ ಇತ್ತು. ಇಪ್ಪತ್ತು ತುಂಬಲಿಲ್ಲ. ಆದರೆ ಬಿಸಿಲಿನಲ್ಲೇ ಬಿಟ್ಟಿದ್ದರೆ ಹತ್ತೂ ತುಂಬುತ್ತಿರಲಿಲ್ಲವೆಂದು ಡಾ. ವಸುಧಾ ನನ್ನೊಡನೆ ಹೇಳಿದರು. ನಡುವಿನ ಆ ವರ್ಷಗಳಲ್ಲಿ ಒಂದು ಬೆಳಗಿನ ಮಾತು ಉಳಿದಿದೆ.

ದೇವಕಿಗೆ ಹನ್ನೊಂದೋ ಹನ್ನೆರಡೋ ಆಗಿದ್ದಾಗ ಮಾದೇವಿ ಮತ್ತೆ ಬಸುರಿಯಾದಳು. ಮಗು ಬೇಡವೆಂದೇ ಇದ್ದರು, ಆದದ್ದು ಆಯಿತು. ಹುಟ್ಟುವ ಮೊದಲು ತಿಳಿಯುವ ದಾರಿ ಇಲ್ಲ, ಹುಟ್ಟಿದ ಮೇಲೆ ಚರ್ಮದ ಚೂರನ್ನು ಮುಂಬಯಿಗೆ ಕಳಿಸಿ ಪರೀಕ್ಷೆ ಮಾಡಿಸೋಣ, ಅಲ್ಲಿಯ ತನಕ ಬಿಸಿಲು ತೋರಿಸಬೇಡಿ ಎಂದರು ಡಾ. ವಸುಧಾ. ಗಂಡುಮಗು ಹುಟ್ಟಿತು. ಚೂರು ಕಳಿಸಿದೆವು. ಜೀವಕೋಶಗಳು ಜೀವಂತವಾಗಿ ತಲುಪಿದರೆ ಮಾತ್ರ ಪರೀಕ್ಷೆ. ಸೆಕೆಗೋ ತಡವಾದದ್ದಕ್ಕೋ ದಾರಿಯಲ್ಲೇ ಸತ್ತಿದ್ದವಂತೆ. ಮಗುವಿನ ಮೈಯಿಂದ ಇನ್ನೊಂದು ಚೂರು ಕತ್ತರಿಸಲು ಮಾದೇವಿ ಒಪ್ಪಲಿಲ್ಲ.

ಮಗು ಅಕ್ಕನ ಜೊತೆ ಗೋಣಿಚೀಲದ ಹಿಂದೆ ಬೆಳೆಯಿತು. ಅಜ್ಜಿ ದಿನವೂ ಗೊಣಗುತ್ತಿದ್ದಳು. ಎಣ್ಣೆ ಹಾಕಿ ಬಿಸಿಲಿಗೆ ಹಾಕದ ಮಗು ಮಗುವೇ ಅಲ್ಲ, ಕಾಲು ಸೊಟ್ಟಗಾಗುತ್ತದೆ ಎನ್ನುತ್ತಿದ್ದಳು. ಕೆಲವು ತಿಂಗಳು ಕಳೆದ ಮೇಲೆ ನೋಡಿದ ಡಾ. ವಸುಧಾ ಅಜ್ಜಿಯ ಮಾತು ಸುಳ್ಳಲ್ಲ ಎಂದರು. ಬಿಸಿಲೇ ಇಲ್ಲದಿದ್ದರೆ ಎಲುಬು ಮೆತ್ತಗಾಗುತ್ತದೆ. ಇವನಿಗೂ ಅಕ್ಕನ ರೋಗವಿದ್ದರೆ ಕತ್ತಲೆಯೇ ಸರಿ, ಟಾನಿಕ್ ಕೊಟ್ಟು ಬೆಳೆಸೋಣ. ಇಲ್ಲದಿದ್ದರೆ ಸುಮ್ಮನೆ ಯಾಕೆ ಮುಚ್ಚಿಡಬೇಕು? ದೇವಕಿಗೆ ಮೊದಲ ಬಿಸಿಲಿಗೇ ಕೆಂಪಾಗಿತ್ತು. ಒಂದೇ ತಾಯಿತಂದೆಯ ಮಗುವಾದ್ದರಿಂದ ಇವನಿಗೂ ಇದ್ದರೆ ಹಾಗೇ ಆಗಬೇಕು. ತೊಡೆಯ ಮೇಲೆ ನಾಣ್ಯದಷ್ಟು ಜಾಗ ಬಿಟ್ಟು ಉಳಿದ ಮೈಯನ್ನೆಲ್ಲ ಮುಚ್ಚಿ ಸ್ವಲ್ಪ ಹೊತ್ತು ಬಿಸಿಲಿಗೆ ಹಿಡಿಯಿರಿ. ಈ ರೋಗದಲ್ಲಿ ಕೆಂಪು ಕೂಡಲೇ ಬರುವುದಿಲ್ಲ, ಎರಡು ಮೂರು ದಿನ ಕಾಯಬೇಕು. ನೋಡುವುದಕ್ಕೆ ಮಾಸ್ತರಿದ್ದಾರಲ್ಲ ಎಂದರು.

ಕಪ್ಪು ಬಟ್ಟೆಗೆ ತೂತು ಮಾಡಿ ಮಗುವಿಗೆ ಸುತ್ತಿ, ಜಟ್ಟಪ್ಪ ಅಂಗಳದಲ್ಲಿ ಹಿಡಿದುಕೊಂಡು ನಿಂತ. ಆ ಸ್ವಲ್ಪ ಹೊತ್ತಿನಲ್ಲಿ ಅವನು ಒಮ್ಮೆಯೂ ಮಗುವಿನ ಕಡೆ ನೋಡಲಿಲ್ಲ, ಕಡಲಿನ ಕಡೆಯೇ ನೋಡುತ್ತಿದ್ದ. ನಾಲ್ಕರಲ್ಲಿ ಒಂದು ಎಂಬುದನ್ನು ಪುಸ್ತಕದಲ್ಲಿ ಓದುವಾಗ ಸಣ್ಣ ಸಂಗತಿ. ನಾನು ಕುಮಟಾಕ್ಕೆ ಹಿಂದಿರುಗಿ ಸರ್ವೆಯ ಕೆಲಸ ಮಾಡಿದೆ. ಏನು ಮಾಡಿದೆನೆಂದು ನೆನಪಿಲ್ಲ.

ಮೂರು ದಿನ ಬಿಟ್ಟು ಬೆಳಿಗ್ಗೆಯೇ ಹೋದೆ. ರಾತ್ರಿ ಚಿಮಣಿ ಹಿಡಿದು ಎಷ್ಟು ಸಲ ನೋಡಿದ್ದರೋ, ಗಂಡಹೆಂಡತಿಯ ಕಣ್ಣು ಉಬ್ಬಿತ್ತು. ತೊಡೆಯ ಜಾಗ ಯಾವುದೆಂದು ಗೊತ್ತಾಗುತ್ತಿಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಮಾದೇವಿ ಕೇಳಿದಳು. ಮಗುವನ್ನು ಬಾಗಿಲಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದೆ. ಕೆಂಪಿಲ್ಲ, ಊತವಿಲ್ಲ. ಒತ್ತಿದರೆ ಮಗು ನಕ್ಕಿತು. ಹುಟ್ಟಿದಂದಿನಿಂದ ಇದ್ದ ಚರ್ಮವೇ ಅಲ್ಲೂ ಇತ್ತು. ಇವನಿಗೆ ಇಲ್ಲ, ಎಣ್ಣೆ ಹಾಕಿ ಬಿಸಿಲಿಗೆ ಮಲಗಿಸಿ ಎಂದೆ.

ಅಜ್ಜಿ ಎಣ್ಣೆ ತಂದಳು. ಅವಸರದಲ್ಲಿ ಅರ್ಧ ಎಣ್ಣೆ ನೆಲಕ್ಕೆ ಹೋಯಿತು. ಅಂಗಳದಲ್ಲಿ ಹಳೆಯ ಸೀರೆ ಹಾಸಿ ಬತ್ತಲೆ ಮಗುವನ್ನು ಮಲಗಿಸಿದರು. ಎಳೆಬಿಸಿಲು ಮೊದಲ ಸಲ ಅದರ ಇಡೀ ಮೈಮೇಲೆ ಬಿದ್ದಿತು. ಮಗು ಕಣ್ಣು ಕಿರಿದು ಮಾಡಿ ಎರಡೂ ಕಾಲು ಎತ್ತಿ ಒದೆಯಿತು. ಜಟ್ಟಪ್ಪ ದಂಡೆಯ ಕಡೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಮಾದೇವಿ ಮಾತ್ರ ಮಗುವಿನ ಪಕ್ಕದಲ್ಲೇ ಕೂತು, ಸ್ವಲ್ಪ ಹೊತ್ತಾಗುವುದರೊಳಗೆ ಸಾಕು ಸಾಕು ಎಂದು ಎತ್ತಿಕೊಳ್ಳಲು ಕೈ ಚಾಚಿದಳು.

ಗೋಣಿಚೀಲದ ಹಿಂದಿನಿಂದ ದೇವಕಿ ಕೇಳಿದಳು, “ಅವಂಗೆ ಬಿಸ್ಲಿಂದ ಎಂತದೂ ಆಗುದಿಲ್ಲ ಅಲ್ದಾ ಮಾಸ್ತರೇ?”

ಇಲ್ಲ, ಏನೂ ಆಗುವುದಿಲ್ಲ ಎಂದೆ.

ಅವಳು ತಾಯಿಗೆ ಹೇಳಿದಳು, “ಹಾಂಗಾರೆ ಆಯಿ, ಇನ್ನು ಸ್ವಲ್ಪ ಹೊತ್ತು ಇರ್ಲಿ ಅವ ಅಲ್ಲೇ.”

ಮಾದೇವಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.